ಓದಿ ಹೇಳಿದವಳ ಸೆರಗು

ನನ್ನಲ್ಲಿ ಒಂದು ಹಳದಿ ಕಾಟನ್ ಸೀರೆಯಿದೆ. ಅದರ ಸೆರಗಿನ ಅಂಚಿನಲ್ಲಿ ನೇರಳೆ ಬಣ್ಣದ ಕಲೆಗಳಿವೆ, ಎಣಿಸಿದರೆ ಒಂಬತ್ತು. ನಿಂಬೆಹಣ್ಣು ತಿಕ್ಕಿದೆ, ಹುಳಿಮಜ್ಜಿಗೆಯಲ್ಲಿ ನೆನೆಸಿದೆ, ಕೊರೊನಾ ಕಾಲದಿಂದ ಉಳಿದಿದ್ದ ಸ್ಯಾನಿಟೈಸರ್ ಸುರಿದೆ. ಸೀರೆಯ ಹಳದಿ ಸ್ವಲ್ಪ ಹೋಯಿತು, ನೇರಳೆ ಅಲ್ಲೇ ಉಳಿಯಿತು. ಮೊನ್ನೆ ಅದನ್ನೇ ಉಟ್ಟು ಶಾಲೆಗೆ ಹೋಗಿದ್ದೆ. ಜೊತೆಯ ಟೀಚರೊಬ್ಬರು ಸೆರಗು ಹಿಡಿದು ನೋಡಿ, "ಬಾಟಿಕ್ ಪ್ರಿಂಟಾ ಮೇಡಂ? ಎಷ್ಟು ಚೆನ್ನಾಗಿದೆ" ಅಂದರು. ನಾನು ಹೂಂ ಅಂದೆ.

ಈ ಹೂಂ ಇದೆಯಲ್ಲ, ಇದೇ ನನ್ನ ರೋಗ. ಗೊತ್ತಿಲ್ಲದ್ದಕ್ಕೆ ಹೂಂ, ಅರ್ಥವಾಗದ್ದಕ್ಕೆ ಹೂಂ. ಇದು ನನಗೆ ಎಲ್ಲಿಂದ ಅಂಟಿತು ಎಂದು ಹುಡುಕಿಕೊಂಡು ಹೋದರೆ ಶಿರಾದ ಹತ್ತಿರ ನಮ್ಮ ತವರಿನ ಹಟ್ಟಿಗೆ ಹೋಗಿ ನಿಲ್ಲುತ್ತೇನೆ. ಆಗ ನನಗೆ ಎಂಟೋ ಒಂಬತ್ತೋ ವರ್ಷ. ನಮ್ಮ ಬೀದಿಗೆ ಬಂದ ಕಾಗದಗಳನ್ನೆಲ್ಲ ಓದುವವಳು ನಾನೇ. ಪಕ್ಕದ ಮನೆಯ ಈರಮ್ಮಜ್ಜಿ ಇನ್‌ಲ್ಯಾಂಡ್ ಲೆಟರ್ ಹಿಡಿದುಕೊಂಡು ಬಂದು ಜಗುಲಿಯ ಮೇಲೆ ಕೂತರೆ, ಮಡಿಲಲ್ಲಿ ಹುರಿದ ಕಡ್ಲೆಕಾಯಿ ಇರುತ್ತಿತ್ತು. ಅದು ನನ್ನ ಸಂಬಳ. ಒಂದು ಸಲ ಅವಳ ಮಗ ತಾನು ಹಬ್ಬಕ್ಕೆ ಬರುವುದಿಲ್ಲ, ನೀನೂ ಇಲ್ಲಿಗೆ ಬಂದು ಕೂರಬೇಡ ಎಂದು ಬರೆದಿದ್ದ. ನಾನು ಆ ಸಾಲು ಬಿಟ್ಟೆ. ಬರೀ ಬಿಡಲಿಲ್ಲ, "ಅಮ್ಮನ ಕಾಲು ನೋವು ಹೇಗಿದೆ" ಅಂತ ಕೇಳಿದ್ದಾನೆ ಎಂದು ಒಂದು ಸಾಲು ಸೇರಿಸಿದೆ. ಈರಮ್ಮಜ್ಜಿ ಕಣ್ಣೊರೆಸಿಕೊಂಡು ಇನ್ನೊಂದು ಹಿಡಿ ಕಡ್ಲೆಕಾಯಿ ಕೊಟ್ಟಳು. ಅಪ್ಪನಿಗೆ ಗೊತ್ತಾದಾಗ ಅವರು ಬೈಯಲಿಲ್ಲ. "ನಮ್ಮ ಹುಡುಗಿ ಬಲೇ ಚುರುಕು" ಎಂದು ಎಲ್ಲರ ಮುಂದೆ ಹೇಳಿದರು. ಇಲ್ಲದ್ದನ್ನು ಓದಿದ್ದಕ್ಕೆ ಸಿಕ್ಕ ಮೊದಲ ಬಹುಮಾನ ಅದು.

ಆಮೇಲೆ ತುಮಕೂರಿನಲ್ಲಿ ಬಿ.ಎಸ್ಸಿ. ಮಾಡಿದೆ. ಗಡಿಯಾಚೆ ಆಂಧ್ರದ ಮಡಕಶಿರಕ್ಕೆ ಸೊಸೆಯಾಗಿ ಬಂದೆ. ಶಿರಾದಿಂದ ಮಡಕಶಿರ ಎಷ್ಟು ದೂರ ಮಹಾ! ಅದೇ ಕೆಂಪು ನೆಲ, ಅದೇ ಕಡ್ಲೆಕಾಯಿ, ಅದೇ ಮಾತು. ಬದಲಾದದ್ದು ಬೋರ್ಡುಗಳು ಮಾತ್ರ. ನೀವು ತೆಲುಗು ಅಕ್ಷರ ನೋಡಿರಬಹುದು. ನಮ್ಮ ಅಕ್ಷರವೇ, ಆದರೆ ಪ್ರತಿಯೊಂದರ ತಲೆಯ ಮೇಲೂ ಮೇಷ್ಟ್ರು ರೈಟು ಹಾಕಿದ ಹಾಗಿರುತ್ತದೆ. ನೋಡಿದ ಕೂಡಲೇ ಎಲ್ಲ ಗೊತ್ತು ಅನ್ನಿಸುತ್ತದೆ. ಓದಲು ಹೋದರೆ ಅರ್ಧದಲ್ಲಿ ಕೈಕೊಡುತ್ತದೆ. ಕೈಬರಹದಲ್ಲಿದ್ದರಂತೂ ಕೇಳಲೇಬೇಡಿ.

ಮಾತಾಡುವ ತೆಲುಗು ನನಗೆ ಆರು ತಿಂಗಳಲ್ಲಿ ಬಂತು. ಸಂತೆಯಲ್ಲಿ ಬದನೆಕಾಯಿಗೆ ಜಗಳ ಆಡಿದರೆ ಯಾವ ಭಾಷೆಯಾದರೂ ಬರುತ್ತದೆ. ಓದುವುದನ್ನು ಮಾತ್ರ ಯಾರೂ ಕಲಿಸಲಿಲ್ಲ, ಯಾಕೆಂದರೆ ನನಗೆ ಬರುವುದಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ನಾನು ಆ ಮನೆಯ "ಓದಿದ ಸೊಸೆ". ಮೊದಲ ವಾರವೇ ನಮ್ಮ ಮಾವ ಒಂದು ಲಗ್ನಪತ್ರಿಕೆ ಕೈಗಿತ್ತು, "ಯಾವತ್ತಂತೆ ನೋಡಮ್ಮ" ಅಂದರು. ಆಗ ಬರುವುದಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಕಣ್ಣಾಡಿಸಿ, ಗೊತ್ತಿದ್ದ ನಾಲ್ಕು ಅಕ್ಷರಗಳ ಆಧಾರದ ಮೇಲೆ, ಗುರುವಾರ ಊಟ ಎಂದೆ. ಊಟ ಬುಧವಾರವೇ ಮುಗಿದಿತ್ತು. ಗುರುವಾರ ನಾವು ಏಳು ಜನ ಹೊಸ ಬಟ್ಟೆ ಹಾಕಿಕೊಂಡು ಹೋದಾಗ ಚಪ್ಪರ ಬಿಚ್ಚುತ್ತಿದ್ದರು. ಮಾವ ವಾಪಸು ಬರುವಾಗ ದಾರಿಯುದ್ದಕ್ಕೂ ಪ್ರಿಂಟಿಂಗ್ ಪ್ರೆಸ್ಸಿನವನನ್ನು ಬೈದರು. "ಥೂ, ಒಂದು ವಾರ ಸರಿಯಾಗಿ ಹಾಕೋಕಾಗಲ್ವಾ ಇವ್ರ ಯೋಗ್ಯತೆಗೆ!" ನಾನೂ ಹೂಂ ಅಂದೆ.

ಇಷ್ಟು ವರ್ಷ ಹೀಗೇ ನಡೆಯಿತು. ಮಾತ್ರೆ ಚೀಟಿ ಇಂಗ್ಲಿಷಿನಲ್ಲಿರುತ್ತದೆ, ಬಚಾವು. ನಾನು ಪಾಠ ಮಾಡುವ ಖಾಸಗಿ ಶಾಲೆಯೂ ಇಂಗ್ಲಿಷು, ಬಚಾವು. ಬಸ್ಸಿನ ಬೋರ್ಡನ್ನು ಆಕಾರದ ಮೇಲೆ ಗುರುತು ಹಿಡಿಯುತ್ತೇನೆ, ಹಿಂದೂಪುರಕ್ಕೆ ಬಾಲ ಉದ್ದ, ಪಾವಗಡ ಗುಂಡಗೆ. ನಗಬೇಡಿ. ಎರಡು ಸಲ ತಪ್ಪು ಬಸ್ಸು ಹತ್ತಿದ್ದೇನೆ, ಎರಡು ಸಲವೂ ಕಂಡಕ್ಟರಿನ ಮೇಲೆ ರೇಗಿದ್ದೇನೆ.

ಈಗ ರಾಯದುರ್ಗದತ್ತೆಯ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿದ್ದು ಅಲ್ಲಿಗೆ ಬರಲು ಮನಸ್ಸಿಲ್ಲದೆ ಎಂದು ನಿಮಗೂ ತಿಳಿದಿರಬೇಕು.

ರಾಯದುರ್ಗದತ್ತೆ ಎಂದರೆ ನನ್ನ ಯಜಮಾನರ ಸೋದರತ್ತೆ, ನಮ್ಮ ಮಾವನ ತಂಗಿ. ಹುಟ್ಟಿದ್ದು ಮಡಕಶಿರದಲ್ಲಿ, ಮದುವೆಯಾಗಿ ರಾಯದುರ್ಗಕ್ಕೆ ಹೋದವರು. ಗಂಡ ಬೇಗ ಹೋದರು, ಮಕ್ಕಳಿಲ್ಲ. ಆ ಕಡೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಆಯಾ ಆಗಿ ಮೂವತ್ತು ವರ್ಷ ದುಡಿದು, ಬೆಟ್ಟದ ಬುಡದಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡಿದ್ದರು. ಮುಂದಿನ ಕೋಣೆಯನ್ನು ಜೀನ್ಸ್ ಪ್ಯಾಂಟು ಹೊಲಿಯುವ ಒಬ್ಬ ಹೆಂಗಸಿಗೆ ಬಾಡಿಗೆಗೆ ಕೊಟ್ಟಿದ್ದರು. ಹಿಂದಿನ ಕೋಣೆಯಲ್ಲಿ ತಾವು. ಓದು ಬರಹ ಇಲ್ಲ. ಪಿಂಚಣಿಗೆ ವರ್ಷಕ್ಕೊಮ್ಮೆ ಬದುಕಿದ್ದೇನೆ ಎಂದು ಯಂತ್ರಕ್ಕೆ ಬೆರಳು ಕೊಡಬೇಕಲ್ಲ, ಅವರ ಬೆರಳು ಯಂತ್ರಕ್ಕೆ ಹತ್ತುತ್ತಿರಲಿಲ್ಲ. ಗೆರೆಗಳೆಲ್ಲ ಸವೆದುಹೋಗಿದ್ದವು. "ಮಷೀನಿಗೆ ನಾ ಸತ್ತೀನಿ, ನಿಮ್ಮ ಕಣ್ಣಿಗೆ ಬದುಕೀನಿ. ಪಾಪ ಸರ್ಕಾರ ಯಾರನ್ನ ನಂಬಬೇಕು?" ಎಂದು ತಾವೇ ನಗುತ್ತಿದ್ದರು.

ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ರಾಡು ಹಾಕಿದ ಮೇಲೆ ನಮ್ಮ ಮನೆಗೆ ಕರೆತಂದೆವು. ನಾಲ್ಕು ತಿಂಗಳು ಇದ್ದರು. ಸ್ನಾನ, ಬೆಡ್‌ಪ್ಯಾನು, ಬಟ್ಟೆ ಬದಲಾಯಿಸುವುದು ಎಲ್ಲ ನನ್ನ ಪಾಲಿಗೆ. ಅವರು ಮಂಚದ ಮೇಲೆ ಮಲಗಿಕೊಂಡೇ ನನಗೆ ಟ್ರೈನಿಂಗ್ ಕೊಟ್ಟರು.

"ಎಳೀಬ್ಯಾಡವಾ ವಸಂತಾ, ಪೇಶಂಟನ್ನ ಎಳದ್ರ ಚರ್ಮ ಕಿತ್ತು ಬರ್ತೈತಿ. ಹೊಳ್ಳಸು. ಹೂಂ, ಹಂಗ. ಮೊಣಕಾಲು ಮಡಚಿ ಹೊಳ್ಳಸು."

"ಹಿಂಗಾ ಅತ್ತೆ?" ಮಗ್ಗುಲಿಗೆ ಹೊರಳಿಸುತ್ತಾ ಕೇಳಿದೆ.

"ಹತ್ತಕ್ಕ ನಾಕು ಮಾರ್ಕು. ನಾಳೆ ಮತ್ತ ನೋಡಾಣು."

ಒಂದು ತಿಂಗಳಿಗೆ ನನಗೆ ಎಂಟು ಮಾರ್ಕು ಬಂತು. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೆ ಸಾಕಾಗಿತ್ತು. ಬೆಳಿಗ್ಗೆ ಅವರಿಗೆ ಮೈ ಒರೆಸಿ, ಅಡುಗೆ ಮಾಡಿ, ಶಾಲೆಗೆ ಓಡಿ, ಮಧ್ಯಾಹ್ನ ಮತ್ತೆ ಬಂದು ಬೆಡ್‌ಪ್ಯಾನು ಇಟ್ಟು ಹೋಗುತ್ತಿದ್ದೆ. ಬೀದಿಯವರು ಹೊಗಳುತ್ತಿದ್ದರು. ನಾನು ನಗುತ್ತಿದ್ದೆ. ಒಳಗೆ ಮಾತ್ರ, ಇದು ಇನ್ನೆಷ್ಟು ದಿನ ಎನ್ನುವುದೊಂದೇ ಲೆಕ್ಕ ನಡೆಯುತ್ತಿತ್ತು.

ಆ ನಾಲ್ಕು ತಿಂಗಳಲ್ಲಿ ಒಂದು ಮಧ್ಯಾಹ್ನ ಅವರ ತಲೆ ಬಾಚುತ್ತಿದ್ದೆ. ಇದ್ದಕ್ಕಿದ್ದಂತೆ ಒಂದು ಕಥೆ ಹೇಳಿದರು. ಯಾವ ಊರಿನ ಆಸ್ಪತ್ರೆ ಎಂದು ಹೇಳಲಿಲ್ಲ. ಅವರು ಹೊಸದಾಗಿ ಕೆಲಸಕ್ಕೆ ಸೇರಿದ್ದರಂತೆ. ಆರನೇ ನಂಬರಿನ ಮಂಚದಲ್ಲಿ ಒಬ್ಬ ಮುದುಕಿ. ನೋಡಲು ಬಂದ ಮನೆಯವರು ಕಾಗದ ತಂದಿದ್ದರಂತೆ. ಮುದುಕಿಯ ಕೈ ನಡುಗುತ್ತಿತ್ತು.

"'ಆಯಮ್ಮಾ, ಒಂಚೂರು ಕೈ ಹಿಡೀರಿ' ಅಂದ್ರು. ನಾ ಹಿಡಿದು ಹೆಬ್ಬೆಟ್ಟು ಒತ್ತಿಸಿದೆ. ಪೇಶಂಟಿಗೆ ಸಾಯ ಮಾಡೋದು ನನ್ನ ಕೆಲಸ ಅಂದ್ಕೊಂಡಿದ್ದೆ. ಮರುದಿನದಿಂದ ಒಬ್ರೂ ಬರಲಿಲ್ಲ, ವಸಂತಾ. ಆಕಿ ನನ್ನ ಮಾರಿ ನೋಡಿಕೋತ ಹದಿನೆಂಟು ದಿನ ಇದ್ಲು."

ಆಮೇಲೆ, "ಅದಕ್ಕ ನನ್ನ ಕಾಗದ ಆಗೋ ದಿವಸ ನೀ ಓದಿ ಹೇಳಬೇಕು. ನೀ ಓದಿದಾಕಿ" ಅಂದರು.

ನಾನು ಬಾಚಣಿಗೆಯ ಕೂದಲು ತೆಗೆಯುತ್ತಾ ಹೂಂ ಅಂದೆ.

ಕಾಗದ ಎಂದರೆ ವೀಲುನಾಮೆ, ನಮ್ಮ ಕಡೆಯ ಉಯಿಲು. ತಮ್ಮ ಕಾಲಾನಂತರ ಆ ಮನೆ ನನ್ನ ಮೈದುನ ರುದ್ರೇಶನಿಗೆ ಸೇರಲಿ ಎಂದು ಅತ್ತೆ ಮೊದಲಿನಿಂದ ಹೇಳುತ್ತಿದ್ದರು. ಅವನು ಬೆಳುಗುಪ್ಪದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ಅಲ್ಲಿಂದ ರಾಯದುರ್ಗ ಹತ್ತಿರ. ಅತ್ತೆ ಮತ್ತೆ ತಮ್ಮ ಮನೆಗೆ ಹೋದ ಮೇಲೆ ನೋಡಿಕೊಳ್ಳುವವನೂ ಅವನೇ. ಮಾತು ಹೀಗಿತ್ತು. ಈ ಏರ್ಪಾಡು ಆದರೆ ಅತ್ತೆ ಹೊರಡುತ್ತಾರೆ ಎನ್ನುವುದು ನನಗೆ ಬಹಳ ಹಿಡಿಸಿತ್ತು. ಯಾವಾಗ, ಯಾವಾಗ ಎಂದು ರುದ್ರೇಶನಿಗೆ ಎರಡು ಸಲ ಫೋನು ಮಾಡಿದವಳೂ ನಾನೇ.

ಆ ದಿನ ಬಾಡಿಗೆ ಕಾರಿನಲ್ಲಿ ರಾಯದುರ್ಗಕ್ಕೆ ಹೋದೆವು. ಅತ್ತೆ ಬಿಳಿ ಸೀರೆ ಉಟ್ಟು, ವಾಕರನ್ನು ಕಾಲ ಬಳಿ ಇಟ್ಟುಕೊಂಡು, ದಾರಿಯ ಪ್ರತಿ ಊರಿನ ಹೆಸರನ್ನೂ ಮದುವೆಗೆ ಹೊರಟವರ ಹಾಗೆ ಹೇಳುತ್ತಾ ಕೂತಿದ್ದರು. ನಾನು ಈ ಹಳದಿ ಸೀರೆ ಉಟ್ಟಿದ್ದೆ. ರಿಜಿಸ್ಟ್ರಾರ್ ಆಫೀಸಿನ ಎದುರು ಡಾಕ್ಯುಮೆಂಟ್ ಬರೆಯುವವರ ಅಂಗಡಿ. ರುದ್ರೇಶ ಅಲ್ಲಿ ಕಾಯುತ್ತಿದ್ದ. ಟೈಪಾದ ಒಂಬತ್ತು ಹಾಳೆಗಳನ್ನು ನನ್ನ ಕೈಗೆ ಕೊಟ್ಟ.

"ಅತ್ಗೆ, ಬರೆಯೋರು ಸ್ವಲ್ಪ ಬದ್ಲು ಮಾಡವ್ರೆ. ಹಿಂಗಿದ್ರೇ ಗಟ್ಟಿ ಅಂತೆ, ನಾಳೆ ಅತ್ತೆ ಗಂಡನ ಕಡೆಯೋರು ಯಾರೂ ತಕರಾರು ತೆಗ್ಯಂಗಿಲ್ಲ. ನೀವೇ ಒಂದ್ಸಲ ಓದ್ಬುಟ್ಟು ಅತ್ತೆಗೆ ಬಿಡಿಸಿ ಹೇಳ್ಬುಡಿ."

ಈ ಮಾತು ಅವನು ಆಡಿದ್ದು ನಿಜ. ಇದನ್ನು ನಾನು ಎಷ್ಟು ಸಲ ನೆನಪಿಸಿಕೊಂಡರೂ ಅವನು ಆಡಿಯೇ ಇದ್ದಾನೆ.

ಒಂಬತ್ತು ಹಾಳೆ, ಅಷ್ಟೂ ತೆಲುಗು. ಅಕ್ಷರಗಳ ತಲೆಯ ಮೇಲೆಲ್ಲ ರೈಟುಗಳು. ಅತ್ತೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ನನ್ನ ಮುಖ ನೋಡುತ್ತಿದ್ದರು. ಬರೆಯುವವರು ಗಡಿಯಾರ ನೋಡುತ್ತಿದ್ದರು. ಮೊದಲ ಹಾಳೆಯಲ್ಲಿ ಅತ್ತೆಯ ಹೆಸರು, ಅವರ ಗಂಡನ ಹೆಸರು, ಊರು ಗುರುತು ಸಿಕ್ಕಿತು. ಕೊನೆಯ ಹಾಳೆಯಲ್ಲಿ ಮನೆಯ ನಾಲ್ಕು ದಿಕ್ಕಿನ ಚಕ್ಕುಬಂದಿ ಗೊತ್ತಾಯಿತು. ನಡುವಿನ ಏಳು ಹಾಳೆಯನ್ನು ನಾನು ತಿರುಗಿಸಿದೆ. ಒಂದೊಂದು ಹಾಳೆಯ ಮೇಲೂ ಓದುವವರಿಗೆ ಬೇಕಾದಷ್ಟು ಹೊತ್ತು ಕಣ್ಣಿಟ್ಟು ತಿರುಗಿಸಿದೆ. ಅದೊಂದು ನನಗೆ ಚೆನ್ನಾಗಿ ಬರುತ್ತದೆ, ನಡುವೆ ಹುಬ್ಬು ಗಂಟಿಕ್ಕುವುದು, ಒಂದು ಸಾಲಿನ ಕೆಳಗೆ ಬೆರಳು ಹಿಡಿಯುವುದು.

"ಏನಂತ ಬರದಾರವಾ?" ಅತ್ತೆ ಕೇಳಿದರು.

"ನೀವು ಹೇಳ್ದಂಗೇ ಇದೆ ಅತ್ತೆ. ಮನೆ ರುದ್ರೇಶನಿಗೆ ಅಂತ."

"ನಾ ಹೋದ ಮ್ಯಾಲ."

"ಹೂಂ, ಮತ್ತೆ."

ಅತ್ತೆ ಇನ್ನೂ ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ಬೆರಳು ಚಾಚಿದರು. ಬರೆಯುವವರು ಸ್ಟ್ಯಾಂಪ್ ಪ್ಯಾಡ್ ಮುಂದಿಟ್ಟರು. ಹಾಳೆಗೊಂದು ಹೆಬ್ಬೆಟ್ಟು. ಒತ್ತಿದ ಪ್ರತಿ ಸಲವೂ ನಾನು ಅವರ ಹೆಬ್ಬೆರಳನ್ನು ನನ್ನ ಸೆರಗಿನಿಂದ ಒರೆಸಿದೆ. ಶಾಯಿ ಹೆಚ್ಚಾದರೆ ಗುರುತು ಮೂಡುವುದಿಲ್ಲ ಎಂದು ಬರೆಯುವವರು ಹೇಳಿದ್ದರು. ಕೈ ಒರೆಸುವಾಗ ನನಗೆ ನನ್ನ ಮೇಲೆ ಪ್ರೀತಿಯೇ ಬಂದಿತ್ತು, ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಎಂದು. ಕೊನೆಗೆ, ಇದನ್ನು ಇವರಿಗೆ ಓದಿ ಅರ್ಥ ಹೇಳಲಾಗಿದೆ ಎನ್ನುವ ಸಾಲಿನ ಕೆಳಗೆ ಸಾಕ್ಷಿಯಾಗಿ ನಾನು ಇಂಗ್ಲಿಷಿನಲ್ಲಿ ಸಹಿ ಹಾಕಿದೆ. ಆ ಸಾಲಿನ ಅರ್ಥವನ್ನೂ ಬರೆಯುವವರೇ ಹೇಳಿದ್ದು.

ಒಳಗೆ ಅಧಿಕಾರಿಯ ಮೇಜಿನ ಮುಂದೆ ಬೆರಳಿನ ಯಂತ್ರ. ಅತ್ತೆಯ ಹೆಬ್ಬೆರಳು ಹತ್ತಲಿಲ್ಲ. ತೋರುಬೆರಳು ಹತ್ತಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಇಟ್ಟರು, ಇಲ್ಲ. ಎಡಗೈ, ಬಲಗೈ, ಕೆಂಪು ದೀಪ, ಕೆಂಪು ದೀಪ. ಹಿಂದಿನ ಸಾಲಿನವರು ಗೊಣಗತೊಡಗಿದರು. ಅಧಿಕಾರಿ ತಾಳ್ಮೆಯ ಮನುಷ್ಯ. ಕಂಪ್ಯೂಟರಿನವರು ಏನೋ ಸರಿಮಾಡುವವರೆಗೆ ಸುಮ್ಮನೆ ಕೂರದೆ ಅತ್ತೆಯನ್ನು ಮಾತಾಡಿಸಿದರು. ಅವರು ತೆಲುಗಿನಲ್ಲಿ ಕೇಳುತ್ತಿದ್ದರು, ಅತ್ತೆ ತಮ್ಮ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದರು. ಈ ಕಡೆ ಅದು ಮಾಮೂಲು.

ಏನು ಕೆಲಸ ಮಾಡುತ್ತಿದ್ದಿರಿ ಎಂದು ಅವರು ಕೇಳಿದರು.

"ಆಸ್ಪತ್ರ್ಯಾಗ ಆಯಾ ಇದ್ದೆರಿ. ಮೂವತ್ತು ವರ್ಷ ಫಿನಾಯಿಲ್ ಹಾಕಿ ನೆಲ ತಿಕ್ಕೀನಿ. ಬಟ್ಟಿನ ಗೆರಿ ಎಲ್ಲಾ ಅಲ್ಲೇ ನೆಲಕ್ಕ ಹತ್ಯಾವ್ರಿ. ಬೇಕಂದ್ರ ನೆಲ ಕಿತ್ತು ತಂದು ಮಷೀನಿಗೆ ಇಡ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಧಿಕಾರಿ ನಗುತ್ತಲೇ, ಮನೆ ಕೊಟ್ಟ ಮೇಲೆ ಇನ್ನು ಎಲ್ಲಿರುತ್ತೀರಿ ಎಂದರು.

"ಎಲ್ಲಿ ಅಂದ್ರ? ನನ್ನ ಮನ್ಯಾಗ ಇರ್ತೀನ್ರಿ. ಕೊಡೋದು ನಾ ಹೋದ ಮ್ಯಾಲ ಅಲ್ಲೇನ್ರಿ?"

ಅವರ ನಗು ನಿಂತಿತು. ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡು ಮೂರನೇ ಹಾಳೆ ತಿರುಗಿಸಿದರು, ನಾಲ್ಕನೇದು ತಿರುಗಿಸಿದರು. ಆಮೇಲೆ ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದರು. ಇದು ವೀಲುನಾಮೆ ಅಲ್ಲಮ್ಮಾ, ದಾನಪತ್ರ. ನಿಮ್ಮ ಕಾಲಾನಂತರ ಅಲ್ಲ, ಇವತ್ತಿನಿಂದಲೇ ಮನೆ ಅವರದು. ವೀಲುನಾಮೆಯಾದರೆ ನಾಳೆ ನಿಮ್ಮ ಮನಸ್ಸು ಬದಲಾದರೆ ಹರಿದು ಇನ್ನೊಂದು ಬರೆಸಬಹುದು. ಇದನ್ನು ಹಾಗೆ ವಾಪಸು ತೆಗೆದುಕೊಳ್ಳಲಾಗುವುದಿಲ್ಲ, ಕೋರ್ಟು ಕಚೇರಿ ಅಲೆಯಬೇಕಾಗುತ್ತದೆ. ನೀವು ಬದುಕಿರುವವರೆಗೆ ಆ ಮನೆಯಲ್ಲಿ ಇರುವ ಹಕ್ಕು ಉಳಿಸಿಕೊಂಡಿದ್ದೇನೆ ಎಂದಾಗಲಿ, ನಿಮ್ಮನ್ನು ನೋಡಿಕೊಳ್ಳಬೇಕು ಎಂದಾಗಲಿ ಇದರಲ್ಲಿ ಒಂದು ಸಾಲೂ ಇಲ್ಲ.

ಆಮೇಲೆ ತಲೆಯೆತ್ತಿ ಕೇಳಿದರು, "ಇವರಿಗೆ ಇದನ್ನು ಓದಿ ಹೇಳಿದವರು ಯಾರು?"

"ನಾನು ಸಾರ್" ಅಂದೆ.

"ನಿಮಗೆ ತೆಲುಗು ಓದಲು ಬರುತ್ತದಾ?"

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಪ್ರತಿ ಸಲ ಇಲ್ಲಿ ನಿಲ್ಲುತ್ತೇನೆ. ಬರುವುದಿಲ್ಲ ಎಂದಿದ್ದರೆ ನಾನು ಬರೀ ಪೆದ್ದಿಯಾಗುತ್ತಿದ್ದೆ. ಬರುತ್ತದೆ ಎಂದರೆ, ಏಳು ಹಾಳೆ ಓದಿ ಅರ್ಥ ಮಾಡಿಕೊಂಡು, ಮುದುಕಿಗೆ ಸುಳ್ಳು ಹೇಳಿದವಳು ಎಂದಾಗುತ್ತಿತ್ತು. ಸಾಲಿನಲ್ಲಿ ನಿಂತಿದ್ದ ಅಷ್ಟೂ ಜನ ನನ್ನನ್ನು ನೋಡುತ್ತಿದ್ದರು. ನಾನು, ತುಮಕೂರಿನಲ್ಲಿ ಬಿ.ಎಸ್ಸಿ. ಓದಿದವಳು, "ಬರುತ್ತೆ ಸಾರ್" ಅಂದೆ.

ಓದು ಬಾರದವಳು ಎನ್ನಿಸಿಕೊಳ್ಳುವುದಕ್ಕಿಂತ ಮೋಸಗಾತಿ ಎನ್ನಿಸಿಕೊಳ್ಳುವುದು ನನಗೆ ಹಗುರಾಗಿ ಕಂಡಿತು. ಇದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ, ನನ್ನ ಯಜಮಾನರಿಗೂ.

ರುದ್ರೇಶ ಮುಂದೆ ಬಂದ. "ಅತ್ತೆ, ನಿಮ್ಮನ್ನ ಯಾರ್ ಆಚೆಗಾಕ್ತಾರೆ? ನಾನೇನ್ ಹೊರಗಿನೋನಾ?"

"ನೀ ಹಾಕಂಗಿಲ್ಲಪ್ಪಾ, ಗೊತ್ತೈತಿ. ಆದ್ರ ಹಾಕಬೌದಿತ್ತಲ್ಲ." ಅತ್ತೆಯ ದನಿ ಏರಲಿಲ್ಲ. ಅಧಿಕಾರಿಯ ಕಡೆ ತಿರುಗಿ, "ಬ್ಯಾಡ್ರಿ ಸಾರ್. ಈ ಕಾಗದ ನನಗ ಕೊಟ್ಟುಬಿಡ್ರಿ" ಅಂದರು.

ಒಂಬತ್ತು ಹಾಳೆಗಳನ್ನೂ ಮಡಿಚಿ ರವಿಕೆಯೊಳಗೆ ಇಟ್ಟುಕೊಂಡರು. ಹೊರಗೆ ಬಂದ ಮೇಲೆ ನನ್ನ ಮುಂದೆ ಅಂಗೈ ಚಾಚಿದರು. ಹೆಬ್ಬೆರಳು ಇನ್ನೂ ನೇರಳೆಯಾಗಿತ್ತು. ಒರೆಸಲು ಕೇಳುತ್ತಿದ್ದಾರೆ ಎಂದುಕೊಂಡು ಸೆರಗು ಎತ್ತಿದೆ.

"ಚಾವಿ" ಅಂದರು.

ನಾಲ್ಕು ತಿಂಗಳಿಂದ ಅವರ ಮನೆಯ ಬೀಗದ ಕೈ ನನ್ನ ವ್ಯಾನಿಟಿ ಬ್ಯಾಗಿನಲ್ಲಿತ್ತು. ಕೊಟ್ಟೆ. ಆವತ್ತೇ ಅವರು ತಮ್ಮ ಮನೆಗೆ ಹೋದರು, ವಾಕರು ಹಿಡಿದುಕೊಂಡು. ಪ್ಯಾಂಟು ಹೊಲಿಯುವ ಹೆಂಗಸು ಓಡಿ ಬಂದು ಒಳಗೆ ಕರೆದುಕೊಂಡಳು. ನನ್ನನ್ನು ಯಾರೂ ಒಳಗೆ ಕರೆಯಲಿಲ್ಲ. ಕರೆಯಬಾರದೆಂದೇನೂ ಅಲ್ಲ, ಎಲ್ಲರೂ ಅತ್ತೆಯನ್ನು ಕೂರಿಸುವ ಗಡಿಬಿಡಿಯಲ್ಲಿದ್ದರು. ನಾನು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಕಾರು ಹತ್ತಿದೆ.

ರುದ್ರೇಶ ಕಾರಿನ ಕಿಟಕಿಗೆ ಬಗ್ಗಿ, "ನಿಮ್ ಕೈಗೇ ಕೊಟ್ಟಿದ್ನಲ್ಲ ಅತ್ಗೆ, ಓದಿ ಅಂತ" ಅಂದ. ಅವನಿಗೆ ಆ ಏಳು ಹಾಳೆಯ ಅರ್ಥ ಪೂರ್ತಿ ಗೊತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ತಿಳಿಯದು. ಅವನನ್ನು ಬೈದುಕೊಳ್ಳಲು ಎಷ್ಟೋ ಸಲ ಹೊರಡುತ್ತೇನೆ. ಈ ಮಾತು ಅಡ್ಡ ಬಂದು ಕೂರುತ್ತದೆ.

ಆಮೇಲಿನ ದಿನಗಳಲ್ಲಿ ನನಗೊಂದು ಹೊಸ ಚಟ ಹತ್ತಿತು. ನಮ್ಮ ಶಾಲೆಯಲ್ಲೂ ಹಾಜರಿಗೆ ಬೆರಳಿನ ಯಂತ್ರವಿದೆ. ನನ್ನ ಹೆಬ್ಬೆರಳು ಇಟ್ಟ ಕೂಡಲೇ ಹಸಿರು ದೀಪ ಹತ್ತುತ್ತದೆ, ಅದು ಇಂಗ್ಲಿಷಿನಲ್ಲಿ ಧನ್ಯವಾದವನ್ನೂ ಹೇಳುತ್ತದೆ. ಪ್ರತಿ ದಿನ ಆ ಹಸಿರು ದೀಪ ಕಂಡಾಗ, ಅತ್ತೆಯ ಬೆರಳಿಗೂ ಹೀಗೇ ಮೊದಲ ಸಲಕ್ಕೇ ಹತ್ತಿದ್ದರೆ ಎಂದು ಲೆಕ್ಕ ಹಾಕತೊಡಗುತ್ತೇನೆ. ಅಧಿಕಾರಿ ಮಾತಾಡಿಸುತ್ತಲೇ ಇರಲಿಲ್ಲ. ಮುಂದಿನವರು ಬನ್ನಿ ಎನ್ನುತ್ತಿದ್ದರು. ನಾವು ಹೋಟೆಲಿನಲ್ಲಿ ಸಿಹಿ ತಿಂದು, ಅತ್ತೆಯನ್ನು ಅವರದಲ್ಲದ ಮನೆಯಲ್ಲಿ ಇಳಿಸಿ ಬರುತ್ತಿದ್ದೆವು. ಅವರಿಗೆ ಅದು ಯಾವಾಗ ಗೊತ್ತಾಗುತ್ತಿತ್ತು? ರುದ್ರೇಶ ಒಳ್ಳೆಯವನೇ ಇರಬಹುದು, ಅವನ ನಂತರದವರು? ಮನೆಯನ್ನು ಅಡವಿಟ್ಟರೆ? ಒಡೆದು ಅಂಗಡಿ ಕಟ್ಟುತ್ತೇವೆ, ಸ್ವಲ್ಪ ದಿನ ಬೇರೆ ಕಡೆ ಇರಿ ಎಂದರೆ? ಆರನೇ ನಂಬರಿನ ಮಂಚ ಯಾವ ಆಸ್ಪತ್ರೆಯಲ್ಲಾದರೂ ಇರುತ್ತದೆ. ಆ ಮುದುಕಿಯ ಕೈ ಹಿಡಿದು ಒತ್ತಿಸಿದ ಆಯಾಗೆ ಕಾಗದದಲ್ಲಿ ಏನಿದೆ ಎಂದು ಯಾರೂ ಹೇಳಿರಲಿಲ್ಲ. ನನಗೆ ಓದು ಎಂದು ಹೇಳಿಯೇ ಕೊಟ್ಟಿದ್ದರು.

ಮೂರು ತಿಂಗಳ ಮೇಲೆ ಅತ್ತೆಯಿಂದ ಫೋನು ಬಂತು. ಆ ದಿನದ ಸುದ್ದಿ ಎತ್ತಲಿಲ್ಲ. "ಭಾನುವಾರ ಬಾರವಾ. ಕಾಗದ ಮಾಡಿಸೀನಿ" ಅಂದರು, ಅಷ್ಟೇ.

ಹಳದಿ ಸೀರೆಯನ್ನೇ ಉಟ್ಟು ಹೋದೆ. ಯಾಕೆ ಎಂದು ಕೇಳಬೇಡಿ. ಅತ್ತೆ ವಾಕರು ಬಿಟ್ಟು ಕೋಲಿಗೆ ಬಂದಿದ್ದರು. ಅವರ ಜೊತೆ ಕೆಲಸ ಮಾಡಿದ ನಿವೃತ್ತ ನರ್ಸ್ ಒಬ್ಬರು ಮಂಚದ ಮೇಲೆ ಕೂತಿದ್ದರು. ಅತ್ತೆ ಅವರನ್ನು ಸಿಸ್ಟರ್ ಎನ್ನುತ್ತಿದ್ದರು. ಪ್ಯಾಂಟು ಹೊಲಿಯುವ ಹೆಂಗಸು ಮಿಷನ್ ನಿಲ್ಲಿಸಿ ಬಂದು ಹೊಸ್ತಿಲ ಮೇಲೆ ಕೂತಳು. ಅತ್ತೆ ಹಾಸಿಗೆಯ ಕೆಳಗಿನಿಂದ ಎರಡು ಹಾಳೆ ತೆಗೆದು ಮೊದಲು ನನ್ನ ಕೈಗೇ ಕೊಟ್ಟರು. ಮತ್ತೆ ಅವೇ ರೈಟು ಹಾಕಿದ ಅಕ್ಷರಗಳು.

"ಓದು" ಅಂದರು.

ಹಾಳೆಗಳನ್ನು ಮಡಿಲಲ್ಲಿ ಇಟ್ಟುಕೊಂಡೆ. "ಅತ್ತೆ, ನಂಗೆ ತೆಲುಗು ಓದೋಕೆ ಬರಲ್ಲ. ಯಾವತ್ತೂ ಬರ್ತಿರ್ಲಿಲ್ಲ. ಆವತ್ತೂ ಬರ್ತಿರ್ಲಿಲ್ಲ."

"ಗೊತ್ತೈತಿ" ಅಂದರು ಅತ್ತೆ. "ಪಿಂಚಣಿ ಆಫೀಸಿನಿಂದ ಕಾಗದ ಬಂದಿತ್ತು ನೋಡು, ನಿಮ್ಮನ್ಯಾಗ ಮಲಗಿದ್ದಾಗ. ಏನಂತ ಅಂತ ಕೇಳಿದ್ದಕ್ಕ ಮಾಮೂಲಿ ಅಂದಿ. ಕಾಗದ ತಲಿಕೆಳಗ ಹಿಡದಿರಲಿಲ್ಲ, ಖರೆ. ಆದ್ರ ಓದೋರ ಕಣ್ಣು ಹಂಗ ಓಡಂಗಿಲ್ಲ. ಡಾಕ್ಟರು ಚೀಟಿ ಓದೋದು ಮೂವತ್ತು ವರ್ಷ ನೋಡೀನಿ."

"ಗೊತ್ತಿದ್ದೂ ಯಾಕತ್ತೆ ನನ್ನೇ ಓದು ಅಂದ್ರಿ?"

"ಬರಂಗಿಲ್ಲ ಅಂತ ಹೇಳ್ತೀ ಅಂದ್ಕೊಂಡಿದ್ದೆ. ಆ ಕುರ್ಚಿ ಮ್ಯಾಲ ಕುಂತು ಒಂಬತ್ತು ಹಾಳಿನೂ ದಾರಿ ನೋಡಿದೆ. ಕಡೀಕ ನನಗ ಅನುಮಾನ ಬಂತು, ನಾ ತಿಳಕೊಂಡಿದ್ದೇ ತಪ್ಪು, ಇಷ್ಟು ವರ್ಷದಾಗ ಕಲ್ತಿರಬೌದು ಅಂತ."

ಸಿಸ್ಟರ್ ನನ್ನ ಮಡಿಲಿನಿಂದ ಹಾಳೆ ತೆಗೆದುಕೊಂಡರು. ಒಂದೊಂದೇ ಸಾಲು ತೆಲುಗಿನಲ್ಲಿ ಓದಿ, ಕನ್ನಡದಲ್ಲಿ ಹೇಳಿದರು. ಅತ್ತೆ ಪ್ರತಿ ಸಾಲಿಗೂ ಬೆರಳೆತ್ತಿ ನಿಲ್ಲಿಸಿ, ತಾವು ಇನ್ನೊಮ್ಮೆ ಹೇಳಿ, ಸರಿಯೇ ಎಂದು ಕೇಳಿ, ಮುಂದಕ್ಕೆ ಬಿಡುತ್ತಿದ್ದರು. ಬದುಕಿರುವವರೆಗೆ ಮನೆ ತಮ್ಮದು. ಆಮೇಲೆ ರುದ್ರೇಶನಿಗೆ, ಅದು ಬದಲಾಗಿರಲಿಲ್ಲ. ಆದರೆ ಪ್ಯಾಂಟು ಹೊಲಿಯುವ ಹೆಂಗಸನ್ನು ಒಂದು ವರ್ಷ ಖಾಲಿ ಮಾಡಿಸಬಾರದು. ಎರಡನೆಯ ಹಾಳೆ ಬೇರೆಯೇ. ಜ್ಞಾನ ತಪ್ಪಿದರೆ ಯಾವ ಆಸ್ಪತ್ರೆಗೆ ಸೇರಿಸಬೇಕು, ಉಳಿಯುವ ಆಸೆ ಇಲ್ಲದಿದ್ದರೆ ಮೂಗಿಗೆ ನಳಿಗೆ ಹಾಕಿ ದಿನ ದೂಡಬಾರದು, ಯಾರಿಗೆ ಮೊದಲು ಹೇಳಿ ಕಳಿಸಬೇಕು. ತಮಗೆ ಮಾತು ನಿಂತರೆ ತಮ್ಮ ಪರವಾಗಿ ಡಾಕ್ಟರ ಹತ್ತಿರ ಮಾತಾಡುವವಳು ಯಾರು ಎನ್ನುವ ಜಾಗದಲ್ಲಿ ಸಿಸ್ಟರ್ ಒಂದು ಹೆಸರು ಓದಿದರು. ವಸಂತ.

ನಾನು ತಲೆಯೆತ್ತಲಿಲ್ಲ. "ನಾನು ಯಾಕತ್ತೆ" ಎಂದೆ.

"ಹೊಳ್ಳಸೋದು ಕಲ್ತೀಯಲ್ಲ" ಅಂದರು ಅತ್ತೆ. "ಬ್ಯಾರೇರಿಗೆ ಮತ್ತ ಮೊದಲಿಂದ ಕಲಿಸಬೇಕು. ನನಗೆಲ್ಲಿ ತ್ರಾಣ?"

ಸಿಸ್ಟರ್ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದರು. ಇನ್ನೊಂದು ಸಾಕ್ಷಿಯ ಜಾಗ ಖಾಲಿಯಿತ್ತು. ಪೆನ್ನು ನನ್ನ ಹತ್ತಿರವೇ ಬಿದ್ದಿತ್ತು. ಎತ್ತಿಕೊಂಡೆ. ಅತ್ತೆ ನನ್ನ ಕೈಯಿಂದ ಮೆಲ್ಲಗೆ ಪೆನ್ನು ತೆಗೆದು, "ನೀ ಬ್ಯಾಡವಾ. ಮೂಲಿಮನಿ ಮೇಷ್ಟ್ರು ಬರ್ತಾರ, ಅವರು ಹಾಕ್ತಾರ" ಅಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಬಿಸಿ ಪಾತ್ರೆ ಮುಟ್ಟಬೇಡ ಎನ್ನುವ ಹಾಗಿತ್ತು.

ಮೇಷ್ಟ್ರು ಬಂದರು. ಅವರಿಗೂ ಸಿಸ್ಟರ್ ಇನ್ನೊಮ್ಮೆ ಓದಿ ಹೇಳಬೇಕಾಯಿತು, ಅತ್ತೆ ಬಿಡಲಿಲ್ಲ. ಆಮೇಲೆ ಸ್ಟ್ಯಾಂಪ್ ಪ್ಯಾಡ್ ಬಂತು. ಅತ್ತೆ ಎರಡು ಹಾಳೆಗೂ ಹೆಬ್ಬೆಟ್ಟು ಒತ್ತಿದರು. ನಾನು ಪಕ್ಕದಲ್ಲೇ ಕೂತಿದ್ದೆ. ಕೈ ತನ್ನಷ್ಟಕ್ಕೆ ಸೆರಗಿನ ತುದಿ ಹಿಡಿದು ಮುಂದೆ ಹೋಯಿತು.

ಅತ್ತೆ ಸೆರಗನ್ನು ನೋಡಿದರು, ಅದರ ಮೇಲಿನ ಹಳೆಯ ಕಲೆಗಳನ್ನೂ ನೋಡಿದರು. ಆಮೇಲೆ ದಿಂಬಿನ ಕೆಳಗೆ ಕೈ ಹಾಕಿ, ಜೀನ್ಸ್ ಬಟ್ಟೆಯ ಒಂದು ತುಂಡು ಹೊರಗೆಳೆದರು.

"ಬ್ಯಾಡ" ಅಂದರು. "ಅರಿವಿ ಇಟಗೊಂಡೀನಿ."